ಮನೆ ಪವರ್ ಪ್ಲಗ್ಗಲ್ಲೇ ಎಲೆಕ್ಟ್ರಿಕ್ ಕಾರ್ ಚಾರ್ಜ್ ಮಾಡ್ತೀರಾ, ಮೊದ್ಲು ಆ ಪ್ಲಗ್ ಬಿಚ್ಚಿಸಿ ನೋಡ್ರಿ

ಹಸಿರು ನಂಬರ್ ಪ್ಲೇಟಿನ ಕಾರುಗಳು ಈಗ ನಮ್ಮ ದಾವಣಗೆರೆಲೂ ಪಿಜೆ ಬಡಾವಣೆ, ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಎಲ್ಲಾ ಕಡೆ ಕಾಣ್ತವೆ, ತಗೊಂಡೋರು ಸಿಕ್ಕಿದ್ರೆ ಜನ ಕೇಳೋದು ಒಂದೇ, ಒಂದ್ಸಲ ಚಾರ್ಜ್ ಮಾಡಿದ್ರೆ ಎಷ್ಟು ಓಡುತ್ತೆ, ಬೆಂಗಳೂರಿಗೆ ಹೋಗ್ಬಹುದಾ. ಮನೇಲಿ ಎಲ್ಲಿ ಹಾಕ್ತೀರಿ, ಆ ಪ್ಲಗ್ಗಿಗೆ ಎಂಥ ವೈರ್ ಎಳೆದಿದಾರೆ ಅಂತ ಇವತ್ತಿನ ತನಕ ನನ್ನ ಯಾರೂ ಕೇಳಿಲ್ಲ. ಕಾರು ತಗೊಳ್ಳೋವಾಗ ನಾನೂ ಕೇಳಿರ್ಲಿಲ್ಲ. ಶೋರೂಮಿನ ಹುಡುಗ "ಸಾರ್, 15 ಆಂಪ್ ಪ್ಲಗ್ ಇದ್ರೆ ಸಾಕು, ಗೀಸರ್ ಹಾಕೋ ಪ್ಲಗ್ ಇರುತ್ತಲ್ಲ ಅದೇ" ಅಂದ, ನಾನು ಪೋರ್ಟಿಕೋದಲ್ಲಿ ಇದ್ದ ಹಳೇ ಪವರ್ ಪ್ಲಗ್ಗಿಗೆ ಚುಚ್ಚಿ ಮಲಗಿದೆ. ಒಂದೂವರೆ ತಿಂಗಳು ಏನೂ ಆಗ್ಲಿಲ್ಲ.

ಆಮೇಲೆ ಒಂದಿನ ಬೆಳಿಗ್ಗೆ ಐದೂವರೆಗೆ ನನ್ನ ಹೆಂಡ್ತಿ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡೋಕೆ ಅಂತ ಬಾಗಿಲು ತೆಗೆದೋಳು ಹಂಗೇ ವಾಪಸ್ ಬಂದು ನನ್ನ ಎಬ್ಬಿಸಿದ್ಲು, "ರೀ, ಏನೋ ಸುಟ್ಟ ವಾಸ್ನೆ ಬರ್ತಾ ಐತಿ, ಕಾರ್ ಹತ್ರ ಬರ್ರಿ" ಅಂತ. ಹೋಗಿ ನೋಡಿದ್ರೆ ಸ್ವಿಚ್ ಬೋರ್ಡಿನ ಬಿಳಿ ಪ್ಲೇಟು ಒಂದು ಮೂಲೇಲಿ ಚಹಾ ಚೆಲ್ಲಿದಂಗೆ ಕಂದು ಬಣ್ಣಕ್ಕೆ ತಿರುಗಿತ್ತು, ಪ್ಲಗ್ ಮುಟ್ಟಿದ್ರೆ ಕೈ ಇಡೋಕೆ ಆಗ್ತಿರ್ಲಿಲ್ಲ. ಮೇನ್ ಆಫ್ ಮಾಡಿ ಪ್ಲಗ್ ಕಿತ್ತೆ. ಕಾರಿಗೆ ಏನೂ ಆಗಿರ್ಲಿಲ್ಲ, ಮನೆಗೂ ಆಗ್ಲಿಲ್ಲ, ಆದ್ರೆ ಇನ್ನೊಂದು ಗಂಟೆ ಬಿಟ್ಟಿದ್ರೆ ಏನಾಗ್ತಿತ್ತು ಅಂತ ಯೋಚ್ನೆ ಮಾಡಿದ್ರೆ ಈಗಲೂ ಹೊಟ್ಟೆ ತೊಳೆಸುತ್ತೆ, ಆ ಗೋಡೆ ಹಿಂದೇನೇ ನಮ್ಮ ಅಮ್ಮ ಮಲಗೋ ರೂಮು. ಅದಕ್ಕೇ ಇದನ್ನ ಇಷ್ಟು ಉದ್ದ ಬರೀತಾ ಇರೋದು. ಮನೆ ಪ್ಲಗ್ಗಲ್ಲಿ ಚಾರ್ಜ್ ಮಾಡೋದು ತಪ್ಪಲ್ಲ, ನಾನು ಇವತ್ತಿಗೂ ಅದ್ರಲ್ಲೇ ಮಾಡ್ತೀನಿ, ಆದ್ರೆ ಗೋಡೆ ಒಳಗೆ ಏನಿದೆ ಅಂತ ನೋಡದೆ ಮಾಡ್ಬೇಡಿ.

ಆ ಹುಡುಗ ಗೀಸರ್ ಹೋಲಿಕೆ ಕೊಟ್ಟಿದ್ನಲ್ಲ, ಮೋಸ ಆಗೋದು ಅಲ್ಲೇ. ಗೀಸರ್ 2 ಸಾವಿರ ವ್ಯಾಟ್, 3 ಸಾವಿರ ವ್ಯಾಟ್ ಎಳೆಯುತ್ತೆ ನಿಜ, ಆದ್ರೆ ಹದಿನೈದು ಇಪ್ಪತ್ತು ನಿಮಿಷಕ್ಕೆ ನೀರು ಕಾದು ಥರ್ಮೋಸ್ಟಾಟ್ ಕಟ್ ಮಾಡುತ್ತೆ, ವೈರು ಬಿಸಿ ಆಗೋದ್ರೊಳಗೆ ಕೆಲ್ಸ ಮುಗೀತು, ತಣ್ಣಗಾಯ್ತು. ಕಾರು ಹಂಗಲ್ಲ. 230 ವೋಲ್ಟಿಗೆ 14-15 ಆಂಪ್, ಅಂದ್ರೆ 3.3 ಕಿಲೋವ್ಯಾಟ್ ಹತ್ರ, ಅದನ್ನ ಒಂದು ನಿಮಿಷನೂ ಬಿಡದೆ ಏಳೆಂಟು ಗಂಟೆ ಎಳೆಯುತ್ತೆ. ನಮ್ಮ ಮನೇಲಿ ಇನ್ಯಾವ ಸಾಮಾನೂ ಹಿಂಗೆ ರಾತ್ರಿ ಪೂರ್ತಿ ಫುಲ್ ಲೋಡಲ್ಲಿ ಓಡಲ್ಲ, ಎಸಿ ಕೂಡ ಮಧ್ಯೆ ಮಧ್ಯೆ ಕಟ್ ಆಗುತ್ತೆ. ಎಲ್ಲೋ ಒಂದು ಸ್ಕ್ರೂ ಸಡಿಲ ಇದ್ರೆ ಗೀಸರ್ ಅದನ್ನ ಹತ್ತು ವರ್ಷ ಮುಚ್ಚಿಡುತ್ತೆ, ಕಾರು ಹತ್ತು ರಾತ್ರಿಲಿ ಹೊರಗೆ ತರುತ್ತೆ.

ಪ್ಲಗ್ ಬಿಚ್ಚಿಸಿದಾಗ ನಾನು ಪಕ್ಕದಲ್ಲೇ ಟಾರ್ಚ್ ಹಿಡ್ಕೊಂಡು ನಿಂತಿದ್ದೆ. ನಮ್ಮ ಏರಿಯಾದಲ್ಲಿ ವಯಸ್ಸಾದ ಒಬ್ರು ವೈರ್‌ಮನ್ ಇದಾರೆ, ಹಳೇ ಕಾಟನ್ ಮಿಲ್ಲಲ್ಲಿ ಕೆಲ್ಸ ಮಾಡಿದೋರು, ಮಾತು ಕಮ್ಮಿ. ಪ್ಲೇಟಿನ ಎರಡು ಸ್ಕ್ರೂ ತೆಗೆದು ಸಾಕೆಟ್ ಮುಂದಕ್ಕೆ ಎಳೆದ್ರೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ವೈರು) ಕಡೆ ಕಪ್ಪು ವೈರಿನ ಮೇಲಿನ ಪ್ಲಾಸ್ಟಿಕ್ಕು ಸುಟ್ಟ ಹಪ್ಪಳದಂಗೆ ಉಬ್ಬಿ ಗಟ್ಟಿ ಆಗಿತ್ತು, ಬೆರಳಲ್ಲಿ ಒತ್ತಿದ ಕೂಡ್ಲೆ ಪುಡಿ ಪುಡಿ ಉದುರ್ತು, ಒಳಗಿನ ತಾಮ್ರ ನೇರಳೆ ಬಣ್ಣಕ್ಕೆ ಬಂದಿತ್ತು. ಫೇಸ್ (ಕರೆಂಟ್ ಬರೋ ವೈರು) ಕಡೆ ಚೆನ್ನಾಗೇ ಇತ್ತು. ಅವ್ರು ಟೆಸ್ಟರ್ ತುದಿಯಿಂದ ನ್ಯೂಟ್ರಲ್ ಸ್ಕ್ರೂ ತಿರುಗಿಸಿ ತೋರಿಸಿದ್ರು, ಅರ್ಧ ಸುತ್ತು ಹಂಗೇ ಸಲೀಸಾಗಿ ತಿರುಗ್ತು. "ನೋಡಪ್ಪ, ಇಷ್ಟೇ ಸಡ್ಲ ಇದ್ದಿದ್ದು. ವೈರ್ ಸಾಲ್ಲಿಲ್ಲ ಅಂತ ಸುಟ್ಟಿಲ್ಲ ಇದು, ಹಿಡ್ಕಂಡಿದ್ದು ಸರಿ ಇಲ್ಲ ಅಂತ ಸುಟ್ಟತಿ" ಅಂದ್ರು. ಸ್ಕ್ರೂ ಸಡಿಲ ಆದ್ರೆ ತಾಮ್ರಕ್ಕೂ ಹಿತ್ತಾಳೆಗೂ ತಗಲೋ ಜಾಗ ಕಮ್ಮಿ ಆಗುತ್ತೆ, ಅಷ್ಟು ಚಿಕ್ಕ ಜಾಗದಲ್ಲಿ 15 ಆಂಪ್ ನುಗ್ಗಿದ್ರೆ ಅಲ್ಲಿ ಬಿಸಿ, ಬಿಸಿ ಆದ್ರೆ ಲೋಹ ಹಿಗ್ಗುತ್ತೆ, ತಣ್ಣಗಾದಾಗ ಕುಗ್ಗುತ್ತೆ, ದಿನಾ ರಾತ್ರಿ ಹಿಗ್ಗಿ ಕುಗ್ಗಿ ಸ್ಕ್ರೂ ಇನ್ನಷ್ಟು ಸಡಿಲ ಆಗುತ್ತೆ. ಎಂಸಿಬಿ, ಅಂದ್ರೆ ಕರೆಂಟ್ ಜಾಸ್ತಿ ಹರಿದ್ರೆ ತಾನೇ ಕಟ್ ಆಗೋ ಸ್ವಿಚ್ಚು, ಇದನ್ನ ಹಿಡಿಯಲ್ಲ ನೆನಪಿಡಿ, ಯಾಕಂದ್ರೆ ಕರೆಂಟ್ ಜಾಸ್ತಿ ಹರೀತಾ ಇಲ್ಲ, 15 ಆಂಪೇ ಹರೀತಾ ಇದೆ, ಎಂಸಿಬಿ ಲೆಕ್ಕದಲ್ಲಿ ಎಲ್ಲಾ ಸರಿಯಾಗಿದೆ. ಹಂಗಾಗಿ ಎಂಸಿಬಿ ಇದೆ ಬಿಡಿ ಅಂತ ಧೈರ್ಯವಾಗಿ ಇರೋಕಾಗಲ್ಲ.

ಸರಿ ಈಗ ಏನ್ ಮಾಡ್ಬೇಕು ಅಂದ್ರೆ, ಕಾರಿಗೆ ಅಂತಾನೇ ಮೀಟರ್ ಬೋರ್ಡ್ ಪಕ್ಕದ ಡಿಬಿ ಬಾಕ್ಸಿಂದ (ಎಂಸಿಬಿಗಳು ಇರೋ ಡಬ್ಬಿ) ಬೇರೆ ಲೈನ್ ಎಳೆಸಿ. ಮಧ್ಯದಲ್ಲಿ ಎಲ್ಲೂ ಜಾಯಿಂಟ್ ಇರಬಾರ್ದು, ಆ ಲೈನಿಂದ ಲೈಟಿಗೂ ಮೋಟಾರಿಗೂ ಟ್ಯಾಪ್ ತಗೊಳ್ಳಬಾರ್ದು, ಒಂದೇ ವೈರು ಒಂದೇ ಪ್ಲಗ್ಗು. ವೈರು 4 ಸ್ಕ್ವೇರ್ ಎಂಎಂ ತಾಮ್ರ ಹಾಕಿಸಿ, ಹಳೇ ವೈರ್‌ಮನ್‌ಗಳು ಸೆವೆನ್ ಟ್ವೆಂಟಿ ಅಂತಾರಲ್ಲ ಹೆಚ್ಚುಕಮ್ಮಿ ಅದು. ಅಂಗಡಿಯೋನು 2.5 ಸಾಕು ಸಾರ್ ಅಂತಾನೆ, ಓಡಲ್ಲ ಅಂತಲ್ಲ, ಓಡುತ್ತೆ, ಆದ್ರೆ ಲೆಕ್ಕ ನೋಡಿ. ಡಿಬಿಯಿಂದ ಪೋರ್ಟಿಕೋಗೆ 20 ಮೀಟರ್ ಅಂದ್ಕೊಳ್ಳಿ, ಹೋಗಿ ಬರೋದು ಸೇರಿ 40 ಮೀಟರ್ ವೈರು. 2.5 ಎಂಎಂ ಆದ್ರೆ 15 ಆಂಪಿಗೆ ಆ ವೈರಲ್ಲೇ 65 ವ್ಯಾಟಿನಷ್ಟು ಬಿಸಿ ಆಗಿ ಹೋಗುತ್ತೆ, 4 ಎಂಎಂ ಆದ್ರೆ 40 ವ್ಯಾಟ್ ಸುಮಾರು. ಅದೇ ಲೈಟಿಗೆ ಎಳೆದಿರೋ 1 ಎಂಎಂ ವೈರಲ್ಲಿ ಯಾರಾದ್ರೂ ಪವರ್ ಪ್ಲಗ್ ಕೂರಿಸಿದ್ರೆ 160 ವ್ಯಾಟ್ ದಾಟುತ್ತೆ, ಅದೂ ಗೋಡೆ ಒಳಗಿನ ಪೈಪಲ್ಲಿ, ಗಾಳಿ ಆಡದ ಜಾಗದಲ್ಲಿ, ರಾತ್ರಿ ಪೂರ್ತಿ. ಹಳೇ ಮನೆಗಳಲ್ಲಿ ಇದು ಬೇಕಾದಷ್ಟು ಇದೆ, ಹೊರಗಿಂದ ನೋಡಿದ್ರೆ ದೊಡ್ಡ ಮೂರು ತೂತಿನ ಪ್ಲಗ್ಗೇ, ಹಿಂದೆ ಎಳೆದಿರೋದು ಮಾತ್ರ ಲೈಟಿನ ವೈರು. ಇನ್ನೂ ಹಳೇ ಮನೆ ಆದ್ರೆ ಅಲ್ಯೂಮಿನಿಯಂ ವೈರ್ ಇರಬಹುದು, ಅದನ್ನಂತೂ ಮುಟ್ಟೋಕೇ ಹೋಗ್ಬೇಡಿ, ಹೊಸದು ಎಳೆಸಿ.

4 ಎಂಎಂ ವೈರಿಗೆ 20 ಆಂಪ್ ಸಿ ಕರ್ವ್ (ಆನ್ ಮಾಡಿದ ಕ್ಷಣ ಕರೆಂಟ್ ಸ್ವಲ್ಪ ಜಾಸ್ತಿ ಎಳೆದ್ರೂ ಟ್ರಿಪ್ ಆಗದ ತರದ್ದು) ಎಂಸಿಬಿ ಹಾಕಿಸಿದೀನಿ. 16 ಹಾಕಿದ್ರೆ ನಮ್ಮ ಏಪ್ರಿಲ್ ಬಿಸಿಲಿಗೆ ಡಬ್ಬಿ ಒಳಗೇ ಕಾದು ರಾತ್ರಿ ಎರಡು ಗಂಟೆಗೆ ಟ್ರಿಪ್ ಆಗೋ ಸಾಧ್ಯತೆ ಇದೆ, ಬೆಳಿಗ್ಗೆ ನೋಡಿದ್ರೆ ಕಾರು ಅರ್ಧಕ್ಕೆ ನಿಂತಿರುತ್ತೆ. ಆದ್ರೆ 2.5 ಎಂಎಂ ವೈರ್ ಇದ್ದು ಟ್ರಿಪ್ ಆಗುತ್ತೆ ಅಂತ ಎಂಸಿಬಿ ದೊಡ್ಡದು ಹಾಕ್ಬೇಡಿ, ಎಂಸಿಬಿ ಇರೋದು ವೈರನ್ನ ಕಾಯೋಕೆ, ವೈರ್ ಸಣ್ಣದು ಇಟ್ಕೊಂಡು ಕಾವಲು ತೆಗೆದಂಗೆ ಆಗುತ್ತೆ. ಎಂಸಿಬಿ ಜೊತೆ 30 ಮಿಲಿಆಂಪ್ ಆರ್‌ಸಿಸಿಬಿ ಇರ್ಲೇಬೇಕು, ಕೆಲವ್ರು ಇಎಲ್‌ಸಿಬಿ ಅಂತಾರೆ, ಮನುಷ್ಯನ ಮೈಮೇಲೆ ಕರೆಂಟ್ ಹರಿದ್ರೆ ಕ್ಷಣದಲ್ಲಿ ಕಟ್ ಮಾಡೋದು ಅದು, ಎಂಸಿಬಿ ಅಲ್ಲ. ತಗೊಳ್ಳೋವಾಗ ಟೈಪ್ ಎ ಕೇಳಿ, ಸಾದಾ ಟೈಪ್ ಎಸಿಗಿಂತ ಕಾರಿನ ಚಾರ್ಜರ್ ತರದ ಎಲೆಕ್ಟ್ರಾನಿಕ್ ಲೋಡಿಗೆ ಅದು ಸರಿ. ನಮ್ಮೂರ ಅಂಗಡಿಲಿ ಸ್ಟಾಕ್ ಇರ್ಲಿಲ್ಲ, ಹೇಳಿ ತರಿಸಬೇಕಾಯ್ತು, ನಾಲ್ಕು ದಿನ ಆಯ್ತು, ಕಾದೆ.

ಸಾಕೆಟ್ ಬಗ್ಗೆ ಒಂದೇ ಮಾತು, ಐಎಸ್‌ಐ ಮಾರ್ಕಿನ 16 ಆಂಪ್ (ಜನ 15 ಆಂಪ್ ಅನ್ನೋದು ಇದನ್ನೇ) ಒಳ್ಳೇದು ತಗೊಳ್ಳಿ, ನೂರು ರೂಪಾಯಿ ಉಳಿಸೋ ಜಾಗ ಅಲ್ಲ ಇದು. ಪ್ಲಗ್ ಚುಚ್ಚಿದ್ರೆ ಬಿಗಿಯಾಗಿ ಕೂರ್ಬೇಕು, ಅಲ್ಲಾಡಿಸಿದ್ರೆ ಲೊಡ ಲೊಡ ಅನ್ನಬಾರ್ದು. ಚಾರ್ಜರಿನ ಡಬ್ಬಿ ಇರುತ್ತಲ್ಲ ಕೇಬಲ್ ಮಧ್ಯದಲ್ಲಿ, ಅದು ಪ್ಲಗ್ಗಿಗೆ ಜೋತು ಬೀಳದಂಗೆ ಪಕ್ಕದಲ್ಲಿ ಒಂದು ಗಟ್ಟಿ ಹುಕ್ಕು ಹೊಡೆಸಿ ನೇತು ಹಾಕಿ, ಇಲ್ಲಾಂದ್ರೆ ಅದರ ಭಾರಕ್ಕೆ ಪಿನ್ನು ಓರೆ ಆಗಿ ಒಂದು ಕಡೆ ಮಾತ್ರ ತಗಲುತ್ತೆ, ಮತ್ತೆ ಅದೇ ಬಿಸಿ ಕತೆ. ಅಂದಹಾಗೆ ಆ ಡಬ್ಬಿನ ಎಲ್ರೂ ಚಾರ್ಜರ್ ಅಂತೀವಿ, ನಿಜವಾದ ಚಾರ್ಜರ್ ಕಾರಿನ ಒಳಗೇ ಇರುತ್ತೆ, ಮನೆಗೆ ಬರೋ ಎಸಿ ಕರೆಂಟನ್ನ ಬ್ಯಾಟರಿ ತಗೊಳ್ಳೋ ಡಿಸಿ ಮಾಡೋದು ಅಲ್ಲಿ. ಈ ಡಬ್ಬಿ ಮಾಡೋದು ಕಾವಲುಗಾರನ ಕೆಲ್ಸ, ಅರ್ಥ್ ಇದೆಯಾ, ಲೀಕ್ ಆಗ್ತಿದೆಯಾ ಅಂತ ನೋಡಿ, ಇಷ್ಟು ಆಂಪ್ ಎಳೀಬಹುದು ಅಂತ ಕಾರಿಗೆ ಹೇಳುತ್ತೆ.

ಅರ್ಥಿಂಗ್ ವಿಷಯಕ್ಕೆ ಬಂದೆ, ಜನ ತುಂಬಾ ತಲೆ ಕೆಡಿಸ್ಕೊಳ್ಳೋದು ಇಲ್ಲೇ, ತಪ್ಪು ದಾರಿ ಹಿಡಿಯೋದೂ ಇಲ್ಲೇ. ಹೊಸ ಲೈನ್ ಎಳೆಸಿ ಚಾರ್ಜರ್ ಹಾಕಿದ್ರೆ ಕೆಂಪು ಲೈಟು, ಕಾರು ಚಾರ್ಜ್ ತಗೊಳ್ಳಲ್ಲ. ಅವತ್ತು ಆ ಹಿರಿಯರು ಊರಲ್ಲಿ ಇರ್ಲಿಲ್ಲ, ಬೇರೆ ಒಬ್ಬ ಹುಡುಗನ್ನ ಕರೆಸಿದೆ. ಅವನು ನೋಡಿ, "ಅಣ್ಣಾ, ಅರ್ಥ್ ವೀಕ್ ಐತಿ, ನ್ಯೂಟ್ರಲ್ಲಿಂದ ಅರ್ಥಿಗೆ ಒಂದು ಜಂಪರ್ ಕೊಟ್ಬಿಡ್ತೀನಿ, ಹಸಿರು ಲೈಟ್ ಬರ್ತತಿ ನೋಡ್ರಿ" ಅಂದ. ಜಂಪರ್ ಅಂದ್ರೆ ಎರಡನ್ನೂ ಸೇರಿಸೋ ತುಂಡು ವೈರು. ದಯವಿಟ್ಟು ಕೇಳಿ, ಇದನ್ನ ಯಾರು ಹೇಳಿದ್ರೂ ಮಾಡಿಸ್ಬೇಡಿ. ಹಸಿರು ಲೈಟ್ ಬರುತ್ತೆ ಹೌದು, ಡಬ್ಬಿಗೆ ಅರ್ಥ್ ಇದೆ ಅಂತ ಸುಳ್ಳು ಹೇಳಿದಂಗೆ. ಆದ್ರೆ ಮುಂದೆ ಒಂದಿನ ಕಂಬದಲ್ಲೋ ಮೀಟರ್ ಬೋರ್ಡಲ್ಲೋ ನ್ಯೂಟ್ರಲ್ ಕಟ್ ಆಯ್ತು ಅಂದ್ಕೊಳ್ಳಿ, ಗಾಳಿ ಮಳೆಗೆ ನಮ್ಮ ಕಡೆ ಆಗೋದೇ ಅದು, ಆಗ ಮನೆಯ ಫೇಸು ಫ್ರಿಜ್ಜು ಬಲ್ಬುಗಳ ಮೂಲಕ ನ್ಯೂಟ್ರಲ್ಲಿಗೆ ಬಂದು, ಆ ಜಂಪರಿಂದ ಅರ್ಥ್ ಪಿನ್ನಿಗೆ ಬಂದು, ಅಲ್ಲಿಂದ ನೇರ ಕಾರಿನ ಬಾಡಿಗೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮಗು ಕಾರಿನ ಬಾಗಿಲ ಹಿಡಿ ಹಿಡಿದ್ರೆ 230 ವೋಲ್ಟ್. ಆ ಹುಡುಗನಿಗೆ ಬೈಲಿಲ್ಲ, ಕೂರಿಸಿ ಇದನ್ನೇ ಹೇಳಿದೆ, ಅವನಿಗೂ ಯಾರೂ ಹೇಳಿರ್ಲಿಲ್ಲ ಅಷ್ಟೇ.

ನಮ್ಮನೇಲಿ ಆಗಿದ್ದು ಏನಂದ್ರೆ, ಮನೆ ಕಟ್ಟಿದಾಗ ಕಂಟ್ರಾಕ್ಟರ್ ಅರ್ಥ್ ವೈರನ್ನ ಡಿಬಿ ತನಕ ತಂದು ಅಲ್ಲೇ ಕಟ್ ಮಾಡಿ ಹಿಂದಕ್ಕೆ ಮಡಚಿ ಬಿಟ್ಟಿದ್ದ, ಹದಿನೆಂಟು ವರ್ಷ ಮನೇಲಿ ಅರ್ಥೇ ಇರ್ಲಿಲ್ಲ, ವಾಷಿಂಗ್ ಮಷಿನ್ ಮುಟ್ಟಿದಾಗ ಜುಮ್ಮ್ ಅಂತಿದ್ದಿದ್ದು ಯಾಕೆ ಅಂತ ಆವತ್ತು ಗೊತ್ತಾಯ್ತು. ಪೋರ್ಟಿಕೋದ ಹಳೇ ಪ್ಲಗ್ಗಲ್ಲಿ ಕೆಂಪು ಲೈಟ್ ಬರದೆ ಚಾರ್ಜ್ ಆಗ್ತಿದ್ದಿದ್ದು ಹೆಂಗೆ ಅಂದ್ರೆ, ಬಹುಶಃ ಅಲ್ಲೂ ಯಾರೋ ಇಂಥದೇ ಜಂಪರ್ ಕೊಟ್ಟಿರ್ಬೇಕು. ಆ ಅರ್ಥ್ ವೈರನ್ನ ಸೇರಿಸಿದ್ರೂ ಪಿಟ್ಟು (ಅರ್ಥ್ ಪೈಪ್ ಹೂತಿರೋ ಗುಂಡಿ) ಒಣಗಿ ಹೋಗಿತ್ತು. ನಮ್ಮ ಕಡೆ ಎರೆ ಮಣ್ಣು ಇರೋ ಜಾಗದಲ್ಲಿ ಬೇಸಿಗೇಲಿ ನೆಲ ಬಿರುಕು ಬಿಟ್ಟು ಪೈಪಿಗೂ ಮಣ್ಣಿಗೂ ಮಧ್ಯೆ ಸಂದು ಆಗುತ್ತೆ, ಅರ್ಥ್ ಅನ್ನೋದು ಹೆಸರಿಗೆ ಮಾತ್ರ. ಹೊಸ ಪಿಟ್ ತೆಗೆಸಿ ಎಂಟಡಿ ಜಿಐ ಪೈಪು, ಸುತ್ತ ಇದ್ದಿಲು ಉಪ್ಪು ಪದರ ಪದರ ಹಾಕಿಸಿದ್ವಿ, ಕೆಮಿಕಲ್ ಅರ್ಥಿಂಗ್ ಅಂತಾನೂ ಸಿಗುತ್ತೆ, ಖರ್ಚು ಜಾಸ್ತಿ ಆದ್ರೂ ನೀರು ಹಾಕೋ ತಾಪತ್ರಯ ಕಮ್ಮಿ. ಸರಿ ಇದೆಯೋ ಇಲ್ವೋ ಅಂತ ನೋಡೋಕೆ ಮಲ್ಟಿಮೀಟರ್ ಹಿಡಿಸಿ, ಫೇಸ್-ನ್ಯೂಟ್ರಲ್ 230 ಬಂದ್ರೆ ಫೇಸ್-ಅರ್ಥ್ ಕೂಡ ಹೆಚ್ಚುಕಮ್ಮಿ ಅಷ್ಟೇ ಬರ್ಬೇಕು, ನ್ಯೂಟ್ರಲ್-ಅರ್ಥ್ ಎರಡು ಮೂರು ವೋಲ್ಟ್ ಒಳಗೆ ಇರ್ಬೇಕು. ಇಪ್ಪತ್ತು ಮೂವತ್ತು ತೋರಿಸಿದ್ರೆ ಎಲ್ಲೋ ತೊಂದ್ರೆ ಇದೆ. ಮೊದ್ಲು ಸುಮ್ನೆ ಒಂದ್ಸಲ ನೋಡಿ, ಆಮೇಲೆ ಚಾರ್ಜ್ ಹಾಕಿ ಡಿಬಿ ಹತ್ರ ಇನ್ನೊಂದ್ಸಲ ನೋಡಿಸಿ, ಲೋಡ್ ಬಿದ್ದಾಗಲೇ ನಿಜ ಗೊತ್ತಾಗೋದು. ಈ ಕೆಲ್ಸ ಎಲ್ಲಾ ಲೈಸೆನ್ಸ್ ಇರೋ ವೈರ್‌ಮನ್ ಕೈಲೇ ಮಾಡಿಸಿ, ನೀವು ಟಾರ್ಚ್ ಹಿಡ್ಕೊಂಡು ಪಕ್ಕದಲ್ಲಿ ನಿಂತು ನೋಡಿ, ನೋಡೋಕೆ ಲೈಸೆನ್ಸ್ ಬೇಕಿಲ್ಲ.

ಎಲ್ಲಾ ಆದ್ಮೇಲೆ ಮೊದಲ ದಿನ ಚಾರ್ಜ್ ಹಾಕಿ ಮಲಗೋಕೆ ಹೋಗ್ಬೇಡಿ. ಭಾನುವಾರ ಮಧ್ಯಾಹ್ನ ಹಾಕಿ. ಅರ್ಧ ಗಂಟೆಗೆ ಒಂದ್ಸಲ, ಒಂದು ಗಂಟೆಗೆ ಒಂದ್ಸಲ, ಎರಡು ಗಂಟೆಗೆ ಒಂದ್ಸಲ ಒಣ ಕೈಯ ಹಿಂಬದಿಯಿಂದ ಪ್ಲಗ್ಗಿನ ಪ್ಲಾಸ್ಟಿಕ್ ಮೈ ಮುಟ್ಟಿ ನೋಡಿ, ಪ್ಲೇಟ್ ಮುಟ್ಟಿ, ಡಿಬಿಲಿ ಎಂಸಿಬಿ ಮುಖ ಮುಟ್ಟಿ. ಬೆಚ್ಚಗಿದ್ರೆ ಸರಿ, ಕಾಫಿ ಲೋಟ ಹಿಡಿದಷ್ಟು ಬಿಸಿ ಇದ್ರೆ, ಐದು ಸೆಕೆಂಡ್ ಕೈ ಇಡೋಕೆ ಆಗ್ಲಿಲ್ಲ ಅಂದ್ರೆ ನಿಲ್ಲಿಸಿ, ಸ್ಕ್ರೂ ನೋಡಿಸಿ. ಮೂರು ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿಸಿ ಆ ಸ್ಕ್ರೂಗಳನ್ನ ಬಿಗಿ ಮಾಡಿಸ್ತೀನಿ ನಾನು, ಹತ್ತು ನಿಮಿಷದ ಕೆಲ್ಸ.

ದಿನಾ ಹಾಕೋ ಕ್ರಮನೂ ಹೇಳ್ತೀನಿ, ಮನೇಲಿ ಎಲ್ರಿಗೂ ಕಲಿಸಿ. ಮೊದ್ಲು ಗೋಡೆಗೆ ಪ್ಲಗ್, ಆಮೇಲೆ ಸ್ವಿಚ್ ಆನ್, ಡಬ್ಬಿಲಿ ಹಸಿರು ಬಂತಾ ನೋಡಿ ಆಮೇಲೆ ಗನ್, ಅಂದ್ರೆ ಕೇಬಲಿನ ಇನ್ನೊಂದು ತುದಿ ಹಿಡಿ, ಕಾರಿಗೆ. ತೆಗೆಯೋವಾಗ ಉಲ್ಟಾ, ಕಾರ್ ಅನ್‌ಲಾಕ್ ಮಾಡಿ ಗನ್ ಮೊದ್ಲು ತೆಗೆದು, ಸ್ವಿಚ್ ಆಫ್ ಮಾಡಿ, ಕೊನೆಗೆ ಗೋಡೆ ಪ್ಲಗ್. ಚಾರ್ಜ್ ಆಗ್ತಿರೋವಾಗ ಗೋಡೆ ಪ್ಲಗ್ ಎಳೆದ್ರೆ 15 ಆಂಪು ಪಿನ್ ತುದೀಲಿ ಕಿಡಿ ಹಾರುತ್ತೆ, ಪ್ರತಿ ಕಿಡಿಗೂ ಪಿನ್ನು ಸ್ವಲ್ಪ ಸ್ವಲ್ಪ ಕಪ್ಪಾಗಿ ಮತ್ತೆ ಸರಿಯಾಗಿ ತಗಲಲ್ಲ. ಜಂಕ್ಷನ್ ಬಾಕ್ಸ್, ಸ್ಪೈಕ್ ಬಾಕ್ಸ್, 15ಕ್ಕೆ 5ರ ಕನ್ವರ್ಟರ್ ಪ್ಲಗ್, ಇವು ಯಾವತ್ತೂ ಬೇಡ. ಇನ್ವರ್ಟರ್ ಲೈನಿಂದಂತೂ ಬೇಡವೇ ಬೇಡ, ಕರೆಂಟ್ ಹೋದ ಕೂಡ್ಲೆ 3 ಕಿಲೋವ್ಯಾಟ್ ಅದರ ತಲೆ ಮೇಲೆ ಬೀಳುತ್ತೆ.

ಈಗ ಟೈಮು, ಯೂನಿಟ್ಟು, ದುಡ್ಡು. ನಮ್ದು ಟಿಯಾಗೊ ಇವಿ, 24 ಕಿಲೋವ್ಯಾಟ್ ಅವರ್ ಬ್ಯಾಟರಿ. 10 ಪರ್ಸೆಂಟಿಂದ ಫುಲ್ ಆಗೋಕೆ 15 ಆಂಪ್ ಪ್ಲಗ್ಗಲ್ಲಿ ಎಂಟೂವರೆ ಒಂಬತ್ತು ಗಂಟೆ, ಮೀಟರಲ್ಲಿ 24-25 ಯೂನಿಟ್ ಓಡುತ್ತೆ, ಬ್ಯಾಟರಿಗೆ ಹೋಗೋದಕ್ಕಿಂತ ನೂರಕ್ಕೆ ಹತ್ತು ಹದಿನೈದು ಜಾಸ್ತಿ, ಆ ವ್ಯತ್ಯಾಸ ಚಾರ್ಜರಲ್ಲಿ ವೈರಲ್ಲಿ ಬಿಸಿ ಆಗಿ ಹೋಗೋದು. ಎಂಜಿ ಕಾಮೆಟ್ ತರದ 17.3ರ ಬ್ಯಾಟರಿ ಆದ್ರೆ ಏಳು ಗಂಟೆ. 38, 40ರ ಮೇಲಿನ ಬ್ಯಾಟರಿ ಕಾರು ಆದ್ರೆ ಒಂದು ರಾತ್ರಿಲಿ ಪೂರ್ತಿ ತುಂಬಲ್ಲ, ಆದ್ರೆ ದಿನಾ ಖಾಲಿನೂ ಆಗಲ್ಲ ಅಲ್ವಾ. ನಾನು ಕೆಲ್ಸಕ್ಕೆ ಹರಿಹರಕ್ಕೆ ಹೋಗಿ ಬರೋದು ದಿನಕ್ಕೆ 30 ಕಿಲೋಮೀಟರ್, ಅದಕ್ಕೆ ಪ್ಲಗ್ಗಿಂದ ನಾಲ್ಕೂವರೆ ಯೂನಿಟ್, ಒಂದೂವರೆ ಗಂಟೆ ಚಾರ್ಜ್ ಸಾಕು. ದಿನಾ ಸ್ವಲ್ಪ ಹಾಕ್ತಾ ಇದ್ರೆ ಪ್ಲಗ್ಗಿಗೂ ಎಂಟು ಗಂಟೆ ಕಾಯೋ ಹಿಂಸೆ ಇಲ್ಲ.

ಗೃಹಜ್ಯೋತಿ ಇರೋರು ಇದನ್ನ ಮೊದ್ಲೇ ಲೆಕ್ಕ ಹಾಕಿ. ನಮ್ಮನೆ ಬಿಲ್ಲು ತಿಂಗಳಿಗೆ 95 ಯೂನಿಟ್ ಆಸುಪಾಸು, 2023ರಿಂದ ಫ್ರೀ ಬರ್ತಿತ್ತು. ಕಾರಿನ 110 ಸೇರಿದ್ಮೇಲೆ 205. 200 ದಾಟಿತು ಅಂದ್ರೆ ದಾಟಿದ 5 ಯೂನಿಟ್ಟಿಗೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು, 200ರ ಒಳಗೇ ಇದ್ರೂ ನಿಮ್ಮ ಹಳೇ ಸರಾಸರಿ ಮೇಲೆ ನಿಗದಿ ಆಗಿರೋ ಯೂನಿಟ್ ದಾಟಿದ್ದಕ್ಕೆ ದುಡ್ಡು ಬೀಳುತ್ತೆ. ಫಿಕ್ಸೆಡ್ ಚಾರ್ಜ್ ಎಲ್ಲಾ ಸೇರಿ ಸಾವಿರದ ಎಂಟ್ನೂರರ ಹತ್ರ ಬರುತ್ತೆ ನಮಗೆ. ಬೇಜಾರಾಯ್ತು ನಿಜ, ಆದ್ರೆ ಆ 110 ಯೂನಿಟ್ಟಲ್ಲಿ ತಿಂಗಳಿಗೆ ಓಡೋ 750 ಕಿಲೋಮೀಟರಿಗೆ ಮೊದ್ಲು ಹಳೇ ಕಾರಿಗೆ 50 ಲೀಟರ್ ಪೆಟ್ರೋಲ್, ಲೀಟರಿಗೆ ನೂರು ದಾಟಿರೋವಾಗ ಐದು ಸಾವಿರದ ಮೇಲೆ ಆಗ್ತಿತ್ತು. ಬಾಡಿಗೆ ಮನೇಲಿ ಇರೋರು, ಮಾಲೀಕರ ಜೊತೆ ಒಂದೇ ಮೀಟರ್ ಇದ್ರೆ ಅವ್ರ ಗೃಹಜ್ಯೋತಿ ನಿಮ್ಮಿಂದ ಹೋಗುತ್ತೆ, ಮೊದ್ಲೇ ಕೂತು ಮಾತಾಡಿ ಒಂದು ಸಬ್ ಮೀಟರ್ ಹಾಕಿಸ್ಕೊಳ್ಳಿ, ಆಮೇಲೆ ಮನಸ್ತಾಪ ಬೇಡ.

ಮನೆ ಕನೆಕ್ಷನ್ನಲ್ಲೇ ಕಾರ್ ಚಾರ್ಜ್ ಮಾಡಬಹುದಾ, ಕೆಇಬಿಯೋರು ಬಂದು ಕೇಳಲ್ವಾ ಅಂತ ಕೆಲವ್ರು ಹೆದರ್ತಾರೆ. ಮಾಡಬಹುದು, ಕೇಂದ್ರ ಇಂಧನ ಸಚಿವಾಲಯದ 2022ರ ಜನವರಿ ಮಾರ್ಗಸೂಚೀಲೇ ಮನೆ ಆಫೀಸಿನ ಇರೋ ಕನೆಕ್ಷನ್ನಿಂದ ತಮ್ಮ ಗಾಡಿ ಚಾರ್ಜ್ ಮಾಡ್ಕೊಳ್ಳಬಹುದು ಅಂತ ಹೇಳಿದ್ರು. ಆದ್ರೆ ಬಿಲ್ಲಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡ್ಕೊಳ್ಳಿ. ಹಳೇ ಮನೆಗಳದ್ದು 1 ಅಥವಾ 2 ಕಿಲೋವ್ಯಾಟ್ ಇರುತ್ತೆ, ಕಾರೊಂದೇ 3.3. ಬೆಸ್ಕಾಂ ಸಬ್ ಡಿವಿಜನ್ ಆಫೀಸಿಗೆ ಹೋಗಿ ಲೈಸೆನ್ಸ್ ಇರೋ ಕಂಟ್ರಾಕ್ಟರ್ ಮೂಲಕ ಲೋಡ್ ಜಾಸ್ತಿ ಮಾಡಿಸಿ, ಫಿಕ್ಸೆಡ್ ಚಾರ್ಜ್ ಕಿಲೋವ್ಯಾಟ್ ಲೆಕ್ಕದಲ್ಲಿ ಏರುತ್ತೆ, ಏರ್ಲಿ. ಕಂಬದಿಂದ ಮೀಟರಿಗೆ ಬರೋ ಸರ್ವಿಸ್ ವೈರೂ ಅದಕ್ಕೆ ತಕ್ಕಂಗೆ ಇರ್ಬೇಕು, ಅದು ಎಲೆ ಎಲೆ ಆಗಿ ಸುಲಿದು ಹೋಗಿದ್ರೆ ಒಳಗೆ 4 ಎಂಎಂ ಹಾಕಿಸಿ ಏನು ಬಂತು. ತ್ರೀ ಫೇಸ್ ಇದ್ರೆ ಗೀಸರ್, ಮೋಟಾರ್ ಇರೋ ಫೇಸ್ ಬಿಟ್ಟು ಖಾಲಿ ಇರೋ ಫೇಸಿಗೆ ಕಾರು ಹಾಕಿಸಿ. ಸಿಂಗಲ್ ಫೇಸ್ ಆದ್ರೆ ರಾತ್ರಿ ಹತ್ತರ ಮೇಲೆ ಹಾಕಿ, ಬೆಳಿಗ್ಗೆ ಗೀಸರ್ ಹಾಕೋ ಹೊತ್ತಿಗೆ ಮುಗಿಯೋ ಹಂಗೆ, ಆಗ ವೋಲ್ಟೇಜೂ ಏರಿಳಿತ ಇಲ್ಲದೆ ಇರುತ್ತೆ.

ಮಳೆ ವಿಷಯ. ಗನ್ನು, ಕಾರಿನ ಬಾಯಿ ನೀರಿಗೆ ತಡೆಯೋ ಹಂಗೇ ಮಾಡಿರ್ತಾರೆ, ಹೆದರಬೇಕಾಗಿರೋದು ಗೋಡೆ ಪ್ಲಗ್ಗಿಗೆ. ಎರಚಲು ಬೀಳೋ ಜಾಗ ಆದ್ರೆ ಮುಚ್ಚಳ ಇರೋ ಬಾಕ್ಸ್ ಹಾಕಿಸಿ, ನೆಲದಿಂದ ಎದೆ ಎತ್ತರಕ್ಕೆ ಇರ್ಲಿ. ಏಪ್ರಿಲ್ ಮೇ ತಿಂಗಳಲ್ಲಿ ಸಂಜೆ ಗುಡುಗು ಮಿಂಚು ಶುರು ಆಯ್ತು ಅಂದ್ರೆ ಚಾರ್ಜ್ ನಿಲ್ಲಿಸಿ ಪ್ಲಗ್ ಕಿತ್ತಿಡಿ, ಟಿವಿಗೆ ಮಾಡ್ತೀವಲ್ಲ ಹಂಗೇ, ಇದು ಟಿವಿಗಿಂತ ದುಬಾರಿ ಸಾಮಾನು.

ಇನ್ನು ಹಳ್ಳಿಗೆ ಹೋದಾಗ. ನಮ್ಮ ಮಾವನ ಮನೆ ಚನ್ನಗಿರಿ ತಾಲೂಕಲ್ಲಿ, ಅಡಿಕೆ ತೋಟ. ಮೊದಲ ಸಲ ಹೋದಾಗ ಮಾವ ಪಂಪ್‌ಸೆಟ್ಟಿನ ಸ್ಟಾರ್ಟರ್ ಹತ್ರ ಕರ್ಕೊಂಡು ಹೋಗಿ "ಇಲ್ಲೇ ಹಾಕ್ರಿ ಅಳಿಯಂದ್ರೆ, ಇದು ಫ್ರೀ ಕರೆಂಟು" ಅಂದ್ರು ಪ್ರೀತಿಯಿಂದ. ಬೇಡ ಮಾವ ಅಂದೆ. ಅದು ಕೃಷಿಗೆ ಕೊಟ್ಟಿರೋ ಲೈನು, ಕಾರಿಗಲ್ಲ, ಮತ್ತೆ ಅಲ್ಲಿ ತ್ರೀ ಫೇಸ್ ಬರೋದು ಹೋಗೋದು ನಿಗದಿ ಟೈಮಿಗೆ, ಎರಡು ಫೇಸ್ ಮಧ್ಯೆ ಯಾರಾದ್ರೂ ಗೊತ್ತಿಲ್ಲದೆ ಕೊಟ್ರೆ 400 ವೋಲ್ಟ್, ಕಾರಿನ ಒಳಗಿನ ಚಾರ್ಜರ್ ಅಲ್ಲೇ ಸುಟ್ಟು ಹೋಗುತ್ತೆ. ಮನೆ ಲೈನಲ್ಲೇ ಹಾಕಿದೆ, ಅದೂ ಪ್ಲಗ್ ಬಿಚ್ಚಿಸಿ ನೋಡಿ, ಅರ್ಥ್ ನೋಡಿ ಆಮೇಲೆ. ಎಷ್ಟೋ ಚಾರ್ಜರಲ್ಲಿ, ಕೆಲವು ಕಾರಿನ ಸ್ಕ್ರೀನಲ್ಲೇ, ಆಂಪ್ ಕಮ್ಮಿ ಮಾಡೋ ಆಯ್ಕೆ ಇರುತ್ತೆ, ಇದ್ರೆ ಬೇರೆಯವ್ರ ಮನೇಲಿ 10 ಆಂಪಿಗೆ ಇಟ್ಕೊಳ್ಳಿ. 15ರಿಂದ 10ಕ್ಕೆ ಇಳಿಸಿದ್ರೆ ಟೈಮ್ ಒಂದೂವರೆ ಪಟ್ಟು ಆಗುತ್ತೆ, ಆದ್ರೆ ಬಿಸಿ ಅರ್ಧಕ್ಕಿಂತ ಕೆಳಗೆ ಬೀಳುತ್ತೆ, ಯಾಕಂದ್ರೆ ಬಿಸಿ ಏರೋದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಹತ್ತ್ ಹತ್ಲ ನೂರು, ಹದಿನೈದ್ ಹದಿನೈದ್ಲ ಇನ್ನೂರ ಇಪ್ಪತ್ತೈದು. ಹಳ್ಳೀಲಿ ಸಂಜೆ ವೋಲ್ಟೇಜ್ 180ಕ್ಕೆ ಇಳಿದ್ರೆ ಚಾರ್ಜ್ ನಿಧಾನ ಆಗುತ್ತೆ, ಇನ್ನೂ ಇಳಿದ್ರೆ ನಿಂತೇ ಹೋಗುತ್ತೆ, ಕಾರ್ ಕೆಟ್ಟಿದೆ ಅಂದ್ಕೋಬೇಡಿ. ಫ್ರಿಜ್ಜಿನ ಸ್ಟೆಬಿಲೈಸರ್ ಹಾಕೋಕೆ ಹೋಗ್ಬೇಡಿ, ಅದು ಈ ಲೋಡ್ ಹೊರಲ್ಲ. ಊಟ ಮುಗಿಸಿ ಹತ್ತೂವರೆಗೆ ಹಾಕಿದೆ, 10 ಆಂಪಲ್ಲಿ, ಬೆಳಿಗ್ಗೆ ಆರಕ್ಕೆ ಎದ್ದು ನೋಡಿದ್ರೆ 30 ಇದ್ದಿದ್ದು 90ರ ಹತ್ರ ಬಂದಿತ್ತು, ಪ್ಲಗ್ ಮುಟ್ಟಿದ್ರೆ ತಣ್ಣಗಿತ್ತು. ಮಾವ ಮೀಟರ್ ನೋಡ್ಕೊಂಡು ಬಂದು 16 ಯೂನಿಟ್ ಅಂದ್ರು, ನಾನು ಲೆಕ್ಕ ಹಾಕಿದ್ದೂ ಅಷ್ಟೇ ಇತ್ತು, ವಾಪಸ್ ದಾವಣಗೆರೆಗೆ ಬಂದ್ಮೇಲೂ ಕಾರಲ್ಲಿ ಇನ್ನೂ ಅರ್ಧದ ಹತ್ರ ಚಾರ್ಜ್ ಇತ್ತು.